ನಿಂತು ಕೈ ಮುಗಿದದ್ದು

ಬೆಳಿಗ್ಗೆಯಿಂದ ನಮ್ಮ ಓಣಿಗೆ ಡಾಂಬರು ಹಾಕುತ್ತಿದ್ದಾರೆ. ಬೈಲಹೊಂಗಲದ ಮಂದಿಗೆ ಅದೊಂದು ಸಂಭ್ರಮ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದರೆ ಅಂಗೈ ಬೆವರುತ್ತದೆ. ನಗಬೇಡಿ. ಡಾಂಬರು ಬಳಿದ ಹರಗೋಲಿನಲ್ಲಿ ತುಂಬಿದ ಹೊಳೆ ದಾಟಿದ್ದರೆ ನಿಮಗೂ ಹಾಗೇ ಆಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ನಾನಾಗ ಹೊಸದಾಗಿ ಮಾಸ್ತರನಾಗಿದ್ದೆ. ಕಾಲಲ್ಲಿ ಕರೀ ಬೂಟು, ತಲೆಯಲ್ಲಿ ಅದಕ್ಕಿಂತ ಭಾರವಾದ ಜಾಣತನ. ಹರಕೆ, ಉಪವಾಸ ಅಂತ ಅವ್ವ ಬಾಯಿ ತೆರೆದರೆ ಸಾಕು, ಸಾಲೆಯಲ್ಲಿ ಉಳಿದ ಪಾಠವನ್ನೆಲ್ಲ ಅವಳಿಗೆ ಮಾಡುತ್ತಿದ್ದೆ. ಪಾಪ, ಕೇಳುತ್ತಿದ್ದಳು. ಆ ಮಳೆಗಾಲ ಅಕ್ಕನ ಮಗನ ಕೂದಲು ತೆಗೆಸುವ ಜವಳಕ್ಕೆಂದು ಇಬ್ಬರೂ ಸವದತ್ತಿ ಕಡೆ ಹೊರಟೆವು. ಅಕ್ಕನ ಊರು ಮಲಪ್ರಭೆಯ ಆಚೆ ದಂಡೆಗೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಅಂಬಿಗ ಫಕೀರಪ್ಪನದು ಒಂದು ಪದ್ಧತಿ, ಪಾಠ ಒಪ್ಪಿಸಿದವರನ್ನೇ ಹತ್ತಿಸುವುದು. ಚಪ್ಪಲಿ ಕಳೆಯಬೇಕು. ಕಚ್ಚೆ ಹಾಕಿದ್ದರೆ ಸಡಿಲಿಸಬೇಕು. ಏನೇ ಆಗಲಿ, ಕೂತವರು ಕೂತಲ್ಲೇ ಇರಬೇಕು. ನೀರಿಗೆ ಬಿದ್ದರೆ ಹರಗೋಲಿನ ಅಂಚು ಹಿಡಿಯಬೇಕು, ಮನುಷ್ಯರನ್ನು ಹಿಡಿಯಬಾರದು. ಅವ್ವ ಒಂದೊಂದನ್ನೂ ತಿರುಗಿ ಹೇಳಿ ಹತ್ತಿದಳು. ನಾನೋ ಮಾಸ್ತರ, ಅಂಬಿಗನ ಮುಂದೆ ಪಾಠ ಒಪ್ಪಿಸುವುದೇ? ತೇಲುವ ವಸ್ತುಗಳ ನಿಯಮ ನನಗೆ ಗೊತ್ತಿದೆ ಅಂದೆ. ಬೂಟನ್ನೂ ಕಳೆಯಲಿಲ್ಲ.

"ನೀವು ಮಾಸ್ತರಂತ ನೀರಿಗೆ ಗೊತ್ತಿರೂದಿಲ್ರಿ," ಅಂದ ಫಕೀರಪ್ಪ. ಅವ್ವನ ಮುಖ ನೋಡಿ ಹತ್ತಿಸಿಕೊಂಡ.

ನಡುಹೊಳೆಯಲ್ಲಿ ಸೆಳವಿಗೆ ಸಿಕ್ಕ ಹರಗೋಲು ಗರಗರ ತಿರುಗತೊಡಗಿತು. ದಂಡೆ, ಜಾಲಿಗಿಡ, ಬರೀ ನೀರು, ಮತ್ತೆ ದಂಡೆ. ಫಕೀರಪ್ಪ ಹಲ್ಲು ಕಚ್ಚಿ ಹುಟ್ಟು ಒತ್ತುತ್ತಿದ್ದ. ಅದನ್ನು ನೋಡಿ ನನಗೆ ಹೆದರಿಕೆ ಹೆಚ್ಚಾಯಿತು. ಹಾಗೆ ತಿರುಗುವಾಗ ದೂರದಲ್ಲಿ ಎಲ್ಲಮ್ಮನ ಗುಡ್ಡ ಕಂಡಿತು. ನಮ್ಮ ಮಂದಿಯ ರೂಢಿ ನಿಮಗೆ ಗೊತ್ತಲ್ಲ, ಯರಗಟ್ಟಿ ಬಸ್ಸಿನಲ್ಲಿದ್ದರೂ ಗುಡ್ಡ ಕಂಡರೆ ಸೀಟು ಬಿಟ್ಟು ಎದ್ದು ಕೈ ಮುಗಿಯುತ್ತಾರೆ. ಅವ್ವ ಕೂತಲ್ಲೇ ಕೈ ಮುಗಿದಳು. ನಾನು ಎದ್ದು ನಿಂತು ಕೈ ಮುಗಿದೆ.

ಹೌದು, ನಾನೇ. ಬೂಟು ಜಾರಿ ಅಂಚಿನ ಮೇಲೆ ಬಿದ್ದೆ, ಹರಗೋಲು ಮಗುಚಿತು. ನೀರೊಳಗೆ ಕೈಗೆ ಸಿಕ್ಕಿದ್ದು ಅವ್ವನ ಕೊರಳು. ಬಿಡಲಿಲ್ಲ. ಅವಳನ್ನು ಕೆಳಗೆ ಒತ್ತಿ, ನಾನು ಮೇಲೆ ಬಂದು ಉಸಿರು ತೆಗೆದುಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಫಕೀರಪ್ಪ ಕಪಾಳಕ್ಕೆ ಬಾರಿಸಿದ ಮೇಲೆಯೇ ನನ್ನ ಕೈ ಸಡಿಲಾದದ್ದು. ಅವ್ವ ಕೆಮ್ಮುತ್ತ ಮೇಲೆ ಬಂದವಳೇ ಅಂಚು ಹಿಡಿದಳು. ನನ್ನ ಕೈಯನ್ನೂ ಎಳೆದು ಅಂಚಿನ ಮೇಲಿಟ್ಟಳು. ಹಾಗೇ ತೇಲುತ್ತ ಎಷ್ಟೋ ಕೆಳಗೆ ದಂಡೆ ಸೇರಿದೆವು.

ಮಂದಿ ಓಡಿ ಬಂದು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಗುಡ್ಡ ಕಂಡ್ತು, ನಾನ ಎದ್ದು ನಿಂತೆ," ಅಂದಳು. ಫಕೀರಪ್ಪ ನನ್ನನ್ನೇ ನೋಡಿದ. ನಾನು ಬೂಟಿನೊಳಗಿನ ನೀರು ಚೆಲ್ಲುತ್ತ ಕೂತೆ.

ಮುಂದೆ ಪ್ರತಿ ಮಳೆಗಾಲಕ್ಕೆ ಮೊದಲು ಸಾಲೆಯ ಮಕ್ಕಳಿಂದ ಫಕೀರಪ್ಪನ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಕಲಿತದ್ದು ಹೇಗೆಂದು ಮಾತ್ರ ಹೇಳಲಿಲ್ಲ. ಮನೆಯಲ್ಲಿ ಅದು ಅವ್ವನ ಭಕ್ತಿಯ ಕಥೆಯಾಗಿ ಉಳಿಯಿತು. ಅವ್ವ ತೀರಿಕೊಂಡು ಎಷ್ಟೋ ವರ್ಷವಾದರೂ, ಡಾಂಬರಿನ ವಾಸನೆ ಬಂದರೆ ನನ್ನ ಹೆಂಡತಿ ಆ ಕಥೆ ತೆಗೆಯುತ್ತಾಳೆ. ಇವತ್ತೂ ಚಹಾ ಕೊಡುತ್ತ, ತನ್ನ ಅತ್ತೆ ಎದ್ದು ನಿಂತದ್ದನ್ನು ನಮ್ಮ ಸೊಸೆಗೆ ಹೇಳತೊಡಗಿದಳು. ಎಲ್ಲರೂ ನಗುವ ಜಾಗ ಬಂತು. ಸೊಸೆ ನಕ್ಕಳು. ಯಾಕೋ ಇವತ್ತು ನನಗೆ ತಡೆಯಲಾಗಲಿಲ್ಲ.

"ಅವ್ವ ಕುಂತ ಇದ್ದಳು. ನಿಂತಾಂವ ನಾ," ಅಂದೆ. ಕೊರಳು ಹಿಡಿದದ್ದನ್ನೂ ಹೇಳಿದೆ.

ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. ಕೈಯಲ್ಲಿದ್ದ ಚಹಾದ ಬಶಿ ಕೆಳಗಿಟ್ಟಳು.

"ನನಗ ಗೊತ್ತೈತ್ರಿ. ಅತ್ತಿ ಹೇಳಿದ್ರು. 'ಅವನ ಬಾಯಿಂದನ ಖರೇ ಬರೂತನಕ ನನ್ನ ಹೆಸರಿಲೆ ಹೇಳ್ಕೋಂತ ಇರು,' ಅಂದಿದ್ರು."

ಗೋಡೆಯ ಮೇಲೆ ಅವ್ವನ ಫೋಟೋ ಇತ್ತು. ನಾನು ಏಳಲಿಲ್ಲ. ಕೂತಲ್ಲೇ ಕೈ ಮುಗಿದೆ.