ಕಿವಿರಿನ ಸೀಳಿನಲ್ಲಿ ಒಂದು ಕೈ

ಕೊಳೆಯೋ, ನೆರಳೋ? ಧೂಳಿನ ಕಣವಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗಬೇಕಿತ್ತು. ಇದು ಹೋಗುತ್ತಿಲ್ಲ. ಬಣ್ಣ ಸೋರಿರಬಹುದೇ? ಸೋರಿದ ಬಣ್ಣಕ್ಕೆ ಅಂಚಿರುವುದಿಲ್ಲ, ಇದಕ್ಕೆ ಅಂಚಿದೆ. ಅಂಚಿನ ಈಚೆಗೆ ಬೆರಳುಗಳಂಥವೂ ಇವೆ. ಶಾರ್ಕಿಗೆ ಬೆರಳು ಎಲ್ಲಿಂದ ಬರಬೇಕು?

ಕತ್ತಲೆ ಕೋಣೆಯಲ್ಲಿ ಒಬ್ಬರೇ ಕುಳಿತವರು ದೃಶ್ಯವನ್ನು ಹಿಂದಕ್ಕೆ ಓಡಿಸುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆರೆಯ ಮೇಲೆ ದೋಣಿಯಷ್ಟು ದೊಡ್ಡ ಶಾರ್ಕ್ ಮತ್ತೊಮ್ಮೆ ಬಾಯಿ ತೆರೆಯುತ್ತದೆ. ಕಳ್ಳಸಾಗಣೆ ಗುಂಪಿನ ಯಜಮಾನನಾದ ವಿಲನ್ ಅರಚುತ್ತಾ ಅದರೊಳಕ್ಕೆ ಜಾರುತ್ತಾನೆ. ಅವರ ಕಣ್ಣು ವಿಲನ್ ಮೇಲಿಲ್ಲ, ಹಲ್ಲುಗಳ ಮೇಲೂ ಇಲ್ಲ. ಮೀನಿನ ಕುತ್ತಿಗೆಯ ಪಕ್ಕ, ಉಸಿರಾಡುವ ಕಿವಿರಿನ ಸೀಳುಗಳ ನಡುವೆ ನಿಂತಿದೆ. ಅಲ್ಲಿ ಮನುಷ್ಯನ ಕೈಯೊಂದು ತಂತಿಯನ್ನು ಹಿಡಿದು ಎಳೆಯುತ್ತಿದೆ. ಅಂಗೈಗೆ ಹಳದಿ ಬಟ್ಟೆ ಸುತ್ತಿದೆ. ಬಟ್ಟೆಯ ಮೇಲೆ ಬಿಳಿ ಚುಕ್ಕೆಗಳಿವೆ.

ಆ ಬಟ್ಟೆಯನ್ನು ಅವರು ಬಲ್ಲರು.

ಹಳೆಯ ಸಿನಿಮಾಗಳನ್ನು ತೊಳೆದು ಒರೆಸಿ, ಮನೆಯಲ್ಲಿ ಕುಳಿತು ನೋಡುವವರಿಗಾಗಿ ಡಿಸ್ಕ್ ಮಾಡಿ ಮಾರುವ ಕಂಪನಿಯಲ್ಲಿ ಅವರ ಕೆಲಸ. ಅಚ್ಚಿಗೆ ಹೋಗುವ ಮುನ್ನ ಸಿನಿಮಾವನ್ನು ಕೊನೆಯದಾಗಿ ನೋಡುವ ಕಣ್ಣು ಅವರದು. ಗೀರು, ಕಲೆ, ತುಟಿಗೆ ಹೊಂದದ ಮಾತು, ಹೀಗೆ ಏನು ಕಂಡರೂ ಮೇಜಿನ ಮೇಲಿನ ಹಳದಿ ಗುಂಡಿ ಒತ್ತಬೇಕು. ಒತ್ತಿದ ಜಾಗ ಪಕ್ಕದ ಕೋಣೆಯವರಿಗೆ ಹೋಗುತ್ತದೆ, ಅವರು ಅದನ್ನು ಸರಿಪಡಿಸುತ್ತಾರೆ. ಸಹೋದ್ಯೋಗಿಗಳು ಇವರಿಗಿಟ್ಟ ಹೆಸರು ತಪ್ಪಣ್ಣ. “ದಿನಾ ಹುಡುಕೋದೇ ತಪ್ಪು, ಇನ್ನೇನಂತ ಕರೀತಾರೆ ಪಾಪ,” ಎಂದು ಅವರೇ ನಗುತ್ತಾರೆ.

ಕೋಣೆಯ ಗೋಡೆಗಳು ಬೂದಿ ಬಣ್ಣದವು. ಬೇರೆ ಬಣ್ಣವಿದ್ದರೆ ಕಣ್ಣು ಮೋಸ ಹೋಗುತ್ತದಂತೆ. ಅಂಗಿಯ ಬಣ್ಣವೂ ತೆರೆಯ ಮೇಲೆ ಬೀಳುವುದರಿಂದ ತಪ್ಪಣ್ಣ ತೊಡುವುದು ಬರೀ ಬೂದಿ ಬಣ್ಣದ ಅಂಗಿ. “ಈ ಕೆಲಸಕ್ಕೆ ಸೇರಿದಾಗಿಂದ ಅದನ್ನೇ ಒಗೀತಾ ಇದೀನಿ. ಕೊಳೆ ಹೋಯ್ತೋ ಇಲ್ವೋ ಅಂತಾನೇ ಗೊತ್ತಾಗಲ್ಲ,” ಎನ್ನುತ್ತಾರೆ ಅವರ ಹೆಂಡತಿ.

ಪ್ರತಿ ಸಿನಿಮಾವನ್ನೂ ಅವರು ಎರಡು ಸಲ ನೋಡುತ್ತಾರೆ. ಮೊದಲ ಸಲ ಶಬ್ದವಿಲ್ಲದೆ. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು, ಶಬ್ದ ಮಾತ್ರ. “ಹೊಸಬರು ನೋಡಿದ್ರೆ ನಿದ್ದೆ ಹೊಡೀತಿದಾನೆ ಅಂದ್ಕೋತಾರೆ. ಒಂದಿನ ನಿಜವಾಗ್ಲೂ ಹೊಡೆದಿದ್ದೆ. ಆವತ್ತು ಮಾತ್ರ ಯಾರೂ ಏನೂ ಅನ್ಲಿಲ್ಲ.” ನಸುಕಿಗೇ ಬರುವುದು ಕಣ್ಣಿನ ಸಲುವಾಗಿ. ಮಧ್ಯಾಹ್ನವಾಗುತ್ತಿದ್ದಂತೆ ರೆಪ್ಪೆ ಉರಿಯುತ್ತದೆ, ಹಿಂದಲೆ ಸಿಡಿಯುತ್ತದೆ. ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಕಣ್ಣಿಗೆ ಹಾಕುವ ಔಷಧಿಯ ಬಾಟಲಿ ಇದೆ. ಕೆಲಸ ಬದಲಿಸಿ ಎಂದು ಹೇಳಿ ಹೇಳಿ ಡಾಕ್ಟರು ಈಗ ಹೇಳುವುದನ್ನೇ ಬಿಟ್ಟಿದ್ದಾರೆ.

ಅವರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. “ನಾಯಕಿ ಅಳ್ತಿದ್ರೆ ನಾನು ಅವಳ ಕಿವಿ ಹತ್ರ ಇರೋ ಗೀರು ನೋಡ್ತಿರ್ತೀನಿ. ಒಂದು ಸಿನಿಮಾನ ಎಲ್ಲರ ಹಾಗೆ ಸುಮ್ನೆ ಕೂತು ನೋಡಬೇಕು ಅಂತ ಆಸೆ. ಆಗಲ್ಲ ಬಿಡಿ.” ಕೆಲಸ ಚೆನ್ನಾಗಿ ಆದಷ್ಟೂ ಅದರ ಗುರುತು ಉಳಿಯುವುದಿಲ್ಲ. ಕಲೆಯಿಲ್ಲದ ಚಿತ್ರವನ್ನು ನೋಡಿದವರು ಇಲ್ಲೊಂದು ಕಲೆ ಇತ್ತೆಂದು ಯಾಕಾದರೂ ಯೋಚಿಸಬೇಕು?

ಶಾರ್ಕ್ ಸಿನಿಮಾ ಅವರಿಗೆ ಹೊಸದಲ್ಲ. ಹರೆಯದಲ್ಲಿ ಅವರು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿದ್ದರು. ಗಿರಾಕಿಗಳು ಮರಳಿಸಿದ ಕ್ಯಾಸೆಟ್ಟುಗಳನ್ನು ಮತ್ತೆ ಆರಂಭಕ್ಕೆ ಸುತ್ತಿಡುವುದು ಅವರ ಕೆಲಸ. ಜನ ಯಾವ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರೋ ಅಲ್ಲಿ ಟೇಪು ಸವೆದು ಗೆರೆಗಳು ಬೀಳುತ್ತಿದ್ದವು. ಈ ಸಿನಿಮಾದ ಟೇಪು ಸವೆಯುತ್ತಿದ್ದದ್ದು ಶಾರ್ಕ್ ಬಾಯಿ ತೆರೆಯುವ ಜಾಗದಲ್ಲಿ. ಪೊಲೀಸ್ ಅಧಿಕಾರಿ ಹೆಲಿಕಾಪ್ಟರಿನಿಂದ ಧುಮುಕುವ ಸಾಹಸವನ್ನು ಯಾರೂ ಅಷ್ಟು ಹಚ್ಚಿಕೊಂಡಿರಲಿಲ್ಲ.

ಅದೇ ಕಾಲಕ್ಕೆ ಅವರ ಮದುವೆಯ ಮಾತುಕತೆ ನಡೆಯಿತು. ಹುಡುಗಿಯ ಮನೆಗೆ ಹೋದವರ ಕಣ್ಣಿಗೆ ಮೊದಲು ಬಿದ್ದದ್ದು ಕಿಟಕಿಯ ಹಳದಿ ಕರ್ಟನ್. ಬಿಳಿ ಚುಕ್ಕೆಗಳ ಆ ಬಟ್ಟೆಯ ಒಂದು ಅಂಚು ಸೊಟ್ಟಗೆ ಹರಿದಿತ್ತು. ತಡೆಯಲಾರದೆ ಕೇಳಿಯೇಬಿಟ್ಟರು. ಹುಡುಗಿಯ ಅಣ್ಣ ಎದೆಯುಬ್ಬಿಸಿ ಉತ್ತರ ಕೊಟ್ಟರು. ಅಣ್ಣ ಆಗಲೂ ಈಗಲೂ ನೀರೆತ್ತುವ ಪಂಪುಗಳ ಮೆಕ್ಯಾನಿಕ್. ಮೈ ಸಣ್ಣ, ಉಸಿರು ಗಟ್ಟಿ ಎಂದು ಈ ಸಿನಿಮಾದವರು ಅವರನ್ನು ರಬ್ಬರ್ ಶಾರ್ಕಿನ ಹೊಟ್ಟೆಯೊಳಗೆ ಕೂರಿಸಿದ್ದರಂತೆ. ದವಡೆ ಎಳೆಯುವ ತಂತಿ ಅಂಗೈ ಕೊಯ್ದಾಗ ಮನೆಯಲ್ಲಿ ತಂಗಿ ಕರ್ಟನ್ ಹರಿದು ಸುತ್ತಿ ಮರುದಿನದ ಶೂಟಿಂಗಿಗೆ ಕಳಿಸಿದಳಂತೆ. ಅದಕ್ಕೆ ಅಮ್ಮನಿಂದ ಬೈಸಿಕೊಂಡಳಂತೆ.

“ಇಲಿ ಕಚ್ಚಿರಬೇಕು ಬಿಡಿ,” ಎಂದಿದ್ದರು ತಪ್ಪಣ್ಣ.

ಮದುವೆಯಾಗಿ ತಪ್ಪಣ್ಣನಿಗೆ ಭಾವನಾದ ಆ ಅಣ್ಣ ಇಲಿಯನ್ನು ಇವತ್ತಿಗೂ ಮರೆತಿಲ್ಲ. ಸಿನಿಮಾದ ಕೊನೆಗೆ ಬರುವ ಹೆಸರುಗಳಲ್ಲಿ ಭಾವನದು ಇರಲಿಲ್ಲ. ಫೋಟೋ ಇಲ್ಲ, ಸಾಕ್ಷಿ ಇಲ್ಲ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಯಾರಾದರೊಬ್ಬರು “ಶಾರ್ಕ್ ಮಾಮ, ಬಾಯಿ ತೆಗೀರಿ” ಎನ್ನುತ್ತಿದ್ದರು. ಭಾವ ನಗುತ್ತಲೇ ಮತ್ತೆ ಶುರುಮಾಡುತ್ತಿದ್ದರು: “ಆ ವಿಲನ್‌ಗೆ ಈಜೇ ಬರ್ತಿರ್ಲಿಲ್ಲ ಕಣ್ರೋ. ಬಾಯೊಳಗೆ ಬಂದೋನು ನನ್ನ ತೊಡೆ ಮೇಲೆ ಕೂತ್ಕೊಂಡೇ ಸತ್ತ. ‘ಉಸಿರು ಬಿಗಿ ಹಿಡೀರಿ ಸಾರ್’ ಅಂತ ನಾನೇ ಹೇಳ್ಕೊಟ್ಟೆ.” ಎಲ್ಲರೂ ನಗುತ್ತಿದ್ದರು. ತಪ್ಪಣ್ಣ ಎಲ್ಲರಿಗಿಂತ ಜೋರಾಗಿ.

ಹಳೆಯ ಪ್ರಿಂಟುಗಳ ಕತ್ತಲಲ್ಲಿ ಕಿವಿರಿನ ಒಳಗೆ ಏನೂ ಕಾಣುತ್ತಿರಲಿಲ್ಲ. ಹೊಸದಾಗಿ ತೊಳೆದ ಪ್ರತಿಯಲ್ಲಿ ಬೆಳಕು ಅಲ್ಲಿಗೂ ಹೋಗಿದೆ. ಆ ನಸುಕಿನಲ್ಲಿ ತಪ್ಪಣ್ಣನ ಟೀ ತಣ್ಣಗಾಗುತ್ತದೆ, ಬೆರಳು ಗುಂಡಿಯ ಮೇಲೆ ಹೋಗಿ ವಾಪಸ್ ಬರುತ್ತದೆ. ಒತ್ತದೆ ಬಿಟ್ಟರೆ ಕೈ ಸಿನಿಮಾದಲ್ಲಿ ಉಳಿಯುತ್ತದೆ, ಕೇಳುವವರಿಲ್ಲ. ಆದರೆ ಕಂಡ ತಪ್ಪನ್ನು ಅವರು ಇದುವರೆಗೆ ಬಿಟ್ಟವರಲ್ಲ. ಒತ್ತಿದರೆ ಆ ಕೈ ಅಳಿಸಿಹೋಗುತ್ತದೆ. ಭಾವನಿಗಿರುವ ಸಾಕ್ಷಿ ಅದೊಂದೇ.

ಅವರು ಒತ್ತಿದರು. ಒತ್ತಿ, ಎದ್ದು, ವಿಭಾಗದ ಮುಖ್ಯಸ್ಥೆಯ ಬಾಗಿಲಿಗೆ ಹೋಗಿ ನಿಂತರು.

“ಅಳಿಸ್ಲಿ ಮೇಡಂ. ಆದ್ರೆ ಅಳಿಸೋ ಮುಂಚಿನ ದೃಶ್ಯನ ಡಿಸ್ಕಲ್ಲೇ ಬೇರೆ ಕಡೆ ಇಡಬಹುದಲ್ವಾ? ಸಿನಿಮಾ ಹೆಂಗೆ ತಯಾರಾಯ್ತು ಅಂತ ಕೊನೇಲಿ ಹಾಕ್ತೀವಲ್ಲ, ಅಲ್ಲಿ.”

“ಒಂದು ಕೈ ನೋಡೋಕೆ ಯಾರ್ರೀ ಕಾಯ್ತಿದಾರೆ?”

ಆ ದಿನ ಅವರು ತಲೆಯಾಡಿಸಿ ಹಿಂದಿರುಗಿದರು. ಮರುದಿನ ಮತ್ತೆ ಹೋದರು. ವಾರ ಕಳೆದ ಮೇಲೆ ಇನ್ನೊಮ್ಮೆ.

“ಕ್ಯಾಸೆಟ್ ಕಾಲದಲ್ಲಿ ಜನ ತಿರುಗಿಸಿ ತಿರುಗಿಸಿ ನೋಡಿದ್ದು ಈ ಬಾಯಿನೇ ಮೇಡಂ. ಟೇಪು ಸವೀತಿದ್ದಿದ್ದೇ ಇಲ್ಲಿ. ಈ ಬಾಯಿ ತೆಗೆದಿದ್ದು ಆ ಕೈ.”

ಮೇಡಂ ಕನ್ನಡಕ ತೆಗೆದು ಅವರನ್ನೇ ನೋಡಿದರು. “ಇಷ್ಟು ವರ್ಷ ‘ತೆಗೀರಿ, ತೆಗೀರಿ’ ಅಂದಿದ್ದೇ ಕೇಳಿದೀನಿ. ‘ಇಡಿ’ ಅಂದಿದ್ದು ಇದೇ ಮೊದಲು. ಯಾರ ಕೈರೀ ಅದು?”

“ಯಾರೋ ಕೆಲಸದೋರದು ಮೇಡಂ.”

ಮೇಡಂ ಒಪ್ಪಿದರು. ಭಾವನ ಕೈಯೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ತಪ್ಪಣ್ಣ ಜೇಬಿನಿಂದ ಕಣ್ಣಿನ ಔಷಧಿ ತೆಗೆಯುತ್ತಾರೆ. “ಹೇಳಿದ್ರೆ ಅದು ಶಿಫಾರಸು ಆಗೋದು. ಆ ಕೈಗೆ ಶಿಫಾರಸು ಯಾಕೆ ಬೇಕು?”

ಡಿಸ್ಕ್ ಮಾರುಕಟ್ಟೆಗೆ ಬಂದ ಭಾನುವಾರ ಭಾವನನ್ನು ಮನೆಗೆ ಕರೆದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಟಿವಿಗೆ ಹತ್ತಿರದ ಕುರ್ಚಿ ಹಿಡಿದರು. ಶಾರ್ಕ್ ಬಂತು, ಬಾಯಿ ತೆರೆಯಿತು, ವಿಲನ್ ಒಳಗೆ ಹೋದ. ಕಿವಿರಿನ ಸೀಳುಗಳಲ್ಲಿ ಕಪ್ಪು ಮಾತ್ರ. ಹೆಸರುಗಳು ಮೇಲೇರತೊಡಗಿದಾಗ ಭಾವ ಎದ್ದು ಚಪ್ಪಲಿ ಹುಡುಕಿದರು.

“ಕೂತ್ಕೊಳ್ಳಿ ಭಾವ, ಇನ್ನೂ ಇದೆ.”

“ಇನ್ನೇನಿದೆ? ವಿಲನ್ ಸತ್ತನಲ್ಲ.”

“ಕೂತ್ಕೊಳ್ಳಿ ಅಂದೆ.”

ಡಿಸ್ಕಿನ ಕೊನೆಯ ಭಾಗ ತೆರೆದುಕೊಂಡಿತು. ಅದೇ ಶಾರ್ಕ್, ಅದೇ ಬಾಯಿ, ಕಿವಿರಿನೊಳಗೆ ಹಳದಿ.

“ಅಣ್ಣಾ! ನಮ್ಮ ಕರ್ಟನ್ನು!” ಎಂದು ತಂಗಿ ಕೂಗಿದರು.

ಭಾವ ಟಿವಿಯ ಹತ್ತಿರ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ತಂಗಿಗೆ ಹೇಳಿದರು, “ನೋಡು, ಗಂಟು ಸಡಿಲ ಆಗಿದೆ. ಆವತ್ತೇ ಹೇಳಿದ್ದೆ, ಕೇಳಿದ್ಯೇನೇ ನೀನು?” ಹಾಗೆಂದು ಈ ಕಡೆ ತಿರುಗಿದರು. “ಏನ್ರೀ ತಪ್ಪಣ್ಣೋರೇ, ಇದೂ ಇಲಿ ಕಚ್ಚಿದ್ದಾ?”

“ಹಳದಿ ಒಂಚೂರು ಜಾಸ್ತಿ ಆಗಿದೆ,” ಎಂದರು ತಪ್ಪಣ್ಣ.

ಭಾವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನಿಮ್ಮ ಕಂಪನೀಲಿ ಯಾರೋ ಪುಣ್ಯಾತ್ಮ ಇದಾನೆ ಕಣ್ರೀ. ನಾನ್ಯಾರು, ಎಲ್ಲಿಯವನು, ನನ್ನ ಕೈನ ಬಿಸಾಡದೆ ಇಟ್ಟಿದಾನಲ್ಲ.”

“ಹೂಂ, ಯಾರೋ ಇರಬೇಕು.”

ಈಗ ಭಾವನ ಪಂಪ್ ಅಂಗಡಿಗೆ ಒಂದು ಪುಟ್ಟ ಟಿವಿ ಬಂದಿದೆ. ರಿಪೇರಿಗೆ ಕಾಯುವ ಗಿರಾಕಿಗಳು ಶಾರ್ಕ್ ನೋಡದೆ ಹೋಗುವಂತಿಲ್ಲ. ತಪ್ಪಣ್ಣ ಎಂದಿನಂತೆ ನಸುಕಿಗೆ ಬೂದಿ ಕೋಣೆಗೆ ಹೋಗುತ್ತಾರೆ. ಈ ವಾರ ಅವರ ಮುಂದಿರುವುದು ಒಂದು ಪ್ರೇಮಕಥೆ, ನಾಯಕನ ಹಣೆಯ ಮೇಲೆ ಉದ್ದಕ್ಕೂ ಗೀರು.

ಪೇಪರಿಗೆ ಬರೆಯಲೆಂದು ಅವರ ಮನೆಗೆ ಹೋಗಿದ್ದ ನಾನು ಹೊರಡುವಾಗ ಅವರ ಹೆಂಡತಿ ಗೇಟಿನವರೆಗೆ ಬಂದು ದನಿ ತಗ್ಗಿಸಿದರು. “ಇವರಂತೂ ಅಣ್ಣನಿಗೆ ಹೇಳಲ್ಲ. ನಾನೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದಾರೆ. ನೀವು ಬರೀಬಾರದು ಅಂತ ಯಾರೂ ಅಂದಿಲ್ವಲ್ಲ? ಅಣ್ಣ ಭಾನುವಾರದ ಪೇಪರ್ ಪೂರ್ತಿ ಓದ್ತಾನೆ.”

ಆ ಪುಣ್ಯಾತ್ಮ ತಾವೇ ಎಂದು ತಪ್ಪಣ್ಣ ಭಾವನಿಗೆ ಇಂದಿಗೂ ಹೇಳಿಲ್ಲ.