ಫನಾಲರು ಸತ್ತದ್ದು ಯಾರಿಗೂ ತಿಳಿಯಲಿಲ್ಲ

೧೯೮೭ರ ಮಾರ್ಚ್ ೧೪, ಶನಿವಾರ, ಮಾರ್ಟಿನಿಕ್ ದ್ವೀಪದ ಆನ್ಸ್-ಮಾರ್ಸೆಲ್ ಪುರಸಭೆಯು ತನ್ನ ಕವಿಯನ್ನು ಅನಾಮಧೇಯನಂತೆ ಮಣ್ಣು ಮಾಡಿಸಿತು. ಅವರ ಹೆಸರು ಇಲೇರ್ ಬಾರ್ನಬೆ ಸಿಲ್ವಾನಿಸ್. ಪುರಸಭೆಯ ಕಡತಗಳನ್ನು ಬಿಟ್ಟರೆ ಇದು ಊರಿನಲ್ಲಿ ಗೊತ್ತಿದ್ದದ್ದು ಅವರ ತಂಗಿ ಎರ್ಮಿನಿಗೆ ಮತ್ತು ಅಂಚೆ ಕಚೇರಿಯಿಂದ ನಿವೃತ್ತನಾದ ನನಗೆ ಮಾತ್ರ. ಉಳಿದವರಿಗೆಲ್ಲ ಅವರು ಫನಾಲ್, ಅಂದರೆ ಕಂದೀಲು.

ಅವರ ಮೊದಲ ಫ್ರೆಂಚ್ ನಾಟಕದ ನಡುವೆ ದೀಪ ಆರಿದಾಗ ನಟರೆಲ್ಲ ಮನೆಗೆ ಹೋದರು. ಇವರು ಕಂದೀಲು ಹಿಡಿದು ರಾಜ, ರಾಣಿ, ಗುಲಾಮ ಎಲ್ಲವೂ ತಾವೇ ಆದರು. ರಾಜ ಸಾಯತೊಡಗಿದಾಗ ಪ್ರೇಕ್ಷಕರು ಎದ್ದುಹೋಗಿ ಮೀನಿನ ಬೋಂಡಾ ತಿಂದು ಬಂದರು. ರಾಜ ಇನ್ನೂ ಸಾಯುತ್ತಲೇ ಇದ್ದ.

ಪುರಸಭಾ ಸದಸ್ಯರಾದ ಮೇಲೆ ಬೆಸ್ತರ ಕೇರಿಗೆ ನಲ್ಲಿ ಬೇಕೆಂದು ಪದ್ಯದಲ್ಲಿಯೇ ವಾದಿಸಿದರು. ಸಭೆ ನಲ್ಲಿಯನ್ನು ಮಂಜೂರು ಮಾಡಿದ್ದು ಪದ್ಯ ನಿಲ್ಲಲೆಂದು.

ಊರಿನಲ್ಲಿ ಯಾರು ಸತ್ತರೂ ಅವರು ಕಪ್ಪು ಕೋಟು ತೊಟ್ಟು ಸಮಾಧಿಯ ಬಳಿ ಸ್ವಂತ ಪದ್ಯ ಓದುತ್ತಿದ್ದರು. ಒಮ್ಮೆ ನನಗೆ ಹೇಳಿದರು: "ನನ್ನ ಪುಸ್ತಕ ಯಾರೂ ಓದ್ದಿದ್ರೂ ಬೇಜಾರಿಲ್ಲ ಕಣಯ್ಯಾ. ನಾನು ಹೋದ ದಿನ ಊರೆಲ್ಲ ಬಂದ್ರೆ ಸಾಕು."

ಅವರು ತೀರಿಕೊಂಡದ್ದು ರಾಜಧಾನಿಯ ಆಸ್ಪತ್ರೆಯಲ್ಲಿ. ತಂಗಿಯೂ ನಾನೂ ಅಲ್ಲಿಯೇ ಇದ್ದೆವು. ನಮ್ಮಲ್ಲಿ ಸಾವನ್ನು ಊರಿಗೆ ತಿಳಿಸುವುದು ಮಧ್ಯಾಹ್ನದ ರೇಡಿಯೋ. ನಾನು ಬರೆದು ಪುರಸಭೆಗೆ ಕಳಿಸಿದ ಪ್ರಕಟಣೆಯಲ್ಲಿ "ಫನಾಲ್ ಎಂದೇ ಪರಿಚಿತರಾದ" ಎಂಬ ಮಾತು ಸ್ಪಷ್ಟವಾಗಿತ್ತು. ಅಡ್ಡಹೆಸರು ಮಾಜಿ ಸದಸ್ಯರ ಘನತೆಗೆ ಕುಂದೆಂದು ಕಾರ್ಯದರ್ಶಿಗಳು ಅದನ್ನು ಹೊಡೆದುಹಾಕಿದರು.

ಯೂಡಾಕ್ಸಿಯ ರಮ್ಮಿನಂಗಡಿಯಲ್ಲಿ ಡಾಮಿನೋ ಆಡುತ್ತಿದ್ದವರು ರೇಡಿಯೋ ಕೇಳಿ ಆಡಿದ ಮಾತನ್ನು ಆಕೆಯೇ ನನಗೆ ಅನಂತರ ಒಪ್ಪಿಸಿದಳು:

"ಸಿಲ್ವಾನಿಸ್ ಅಂತೆ. ಯಾರೋ ಅದು?"

"ಯಾವನೋ ಪೇಟೆಯೋನು. ಪಾಪ. ಹೂಂ, ನಿನ್ನ ಆಟ, ಹಾಕು."

"ಫನಾಲ್‌ಗೆ ಗೊತ್ತಾದ್ರೆ ಅಲ್ಲೂ ಪದ್ಯ ಓದ್ತಾನೆ ನೋಡು!"

"ಓದ್ಲಿ ಬಿಡು. ಹೆಣ ಎದ್ದು ಓಡತ್ತೆ."

ಆ ಸಂಜೆ ಸ್ಮಶಾನದಲ್ಲಿದ್ದವರು ಪಾದ್ರಿಗಳು, ಎರ್ಮಿನಿ, ನಾನು ಮತ್ತು ಗುಂಡಿ ತೋಡುವ ನೆಸ್ತೋರ್. ಪೆಟ್ಟಿಗೆ ಇಳಿಸಿದ ಮೇಲೂ ಆತ ಮಣ್ಣು ಎಳೆಯದೆ ಗೇಟಿನ ಕಡೆಗೇ ನೋಡುತ್ತಿದ್ದ.

"ಯಾಕಪ್ಪಾ ನಿಂತೆ?" ಎಂದೆ.

"ಫನಾಲ್ ಬರ್ಲಿಲ್ವಲ್ಲ ಸ್ವಾಮಿ. ಪದ್ಯ ಆಗ್ದೆ ಮಣ್ಣು ಹೆಂಗೆ ಹಾಕ್ಲಿ?"

ನಾನು ಗುಂಡಿಯೊಳಗೆ ಬೆರಳು ತೋರಿಸಿದೆ. ನೆಸ್ತೋರ್ ಸಲಿಕೆ ಕೆಳಗಿಟ್ಟು ಟೋಪಿ ತೆಗೆದ.

ಮೇಯರ್ ಮಹಾಶಯರೇ, ಕಾರ್ಯದರ್ಶಿಗಳೇ, ಪ್ರಕಟಣೆಯನ್ನು ಫನಾಲ್ ಎಂಬ ಹೆಸರಿನೊಡನೆ ರೇಡಿಯೋದಲ್ಲಿ ಮತ್ತೊಮ್ಮೆ ಓದಿಸಿ, ಬರುವ ಶನಿವಾರ ಊರನ್ನೆಲ್ಲ ಸಮಾಧಿಯ ಬಳಿಗೆ ಕರೆಯತಕ್ಕದ್ದು. ಮೇಯರರನ್ನು ಈ ಊರು 'ಏಡಿಮರಿ' ಎಂದಲ್ಲದೆ ಬೇರೆ ಹೆಸರಿನಿಂದ ಬಲ್ಲದೇ ಎಂಬುದನ್ನೂ ದಯವಿಟ್ಟು ವಿಚಾರಿಸಿ ನೋಡತಕ್ಕದ್ದು.