ರೈಲು ದಾಟುವವರೆಗೂ ಕದಲದ ರೇನಿ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಕೈಯಲ್ಲಿ ಟಾರ್ಚ್ ಹಿಡಿದ ಲೊರೇನ್ ಸಾಬೋಲ್ ಹದಿನಾಲ್ಕನೇ ನಂಬರಿನ ಹಳದಿ ಬಸ್ಸಿಗೆ ಒಂದು ಸುತ್ತು ಬರುತ್ತಾರೆ. ಪ್ರತಿ ಟೈರಿಗೂ ಬೂಟುಗಾಲಿನ ಒಂದು ಒದೆ. ಕೆಂಪು ದೀಪ ಮಿನುಗುತ್ತದೆಯೇ, ಪಕ್ಕದ 'ನಿಲ್ಲಿ' ಫಲಕ ಸರಿಯಾಗಿ ಚಾಚಿಕೊಳ್ಳುತ್ತದೆಯೇ, ಹಿಂದಿನ ತುರ್ತು ಬಾಗಿಲು ಹಿಮಕ್ಕೆ ಕಚ್ಚಿಕೊಂಡಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಶಾಲೆಯಿದ್ದ ದಿನವೆಲ್ಲ ಇದೇ ಕೆಲಸ. ಇನ್ನು ಉಳಿದಿರುವುದು ಮೂರೇ ದಿನ.

"ಬುಧವಾರ ಕೊನೇದು. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ತಿಂದು, ಸೋಮವಾರ ಎಲ್ಲರೂ ಜಿಂಕೆ ಬೇಟೆಗೆ ಹೋದ್ಮೇಲೆ ನಾನು ಯಾವ ಬಸ್ಸಿನವಳೂ ಅಲ್ಲ" ಎನ್ನುತ್ತಾ ಗಾಜಿನ ಮೇಲೆ ಹೆಪ್ಪುಗಟ್ಟಿದ ಹಿಮವನ್ನು ಕೆರೆಯುತ್ತಾರೆ. ಕೆರೆಯುವ ರಭಸ ನೋಡಿದರೆ ಸಿಟ್ಟು ಗಾಜಿನ ಮೇಲಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಪೆನ್ಸಿಲ್ವೇನಿಯಾದ ಈ ಗುಡ್ಡಗಾಡಿನಲ್ಲಿ ಅವರನ್ನು ಲೊರೇನ್ ಎಂದು ಕರೆಯುವವರು ಬ್ಯಾಂಕಿನವರು ಮಾತ್ರ. ಮಕ್ಕಳಿಗೆ ಮಿಸ್ ರೇನಿ, ಮಿಕ್ಕವರಿಗೆ ಬರೀ ರೇನಿ. ಈ ಊರಿನಲ್ಲಿ ನಾನು ಔಷಧಿ ಅಂಗಡಿ ನಡೆಸಲು ಶುರುಮಾಡಿ ಹದಿನೇಳು ವರ್ಷವಾಯಿತು. ನನ್ನ ಮಗಳು ಆರು ವರ್ಷ ಇವರ ಬಸ್ಸಿನಲ್ಲೇ ಹೋಗಿ ಬಂದಳು. ಆದ್ದರಿಂದ ಈ ಬರಹದಲ್ಲಿ ನಿಷ್ಪಕ್ಷಪಾತ ಹುಡುಕಬೇಡಿ.

ಆರು ಗಂಟೆ ನಲವತ್ತಕ್ಕೆ ಮೊದಲ ಮಗು ಹತ್ತುತ್ತದೆ. ಹತ್ತೊಂಬತ್ತು ನಿಲುಗಡೆ, ಮೂವತ್ತೊಂದು ಮಕ್ಕಳು. ಪ್ರತಿ ಮಗುವೂ ಕುಳಿತ ಮೇಲೆಯೇ ಬಸ್ಸು ಹೊರಡುತ್ತದೆ. ರೈಲು ಹಳಿ ಬಂದರೆ ರೇನಿ ಬಸ್ಸು ನಿಲ್ಲಿಸಿ, ಫ್ಯಾನ್ ಆರಿಸಿ, ಒಂದು ಕೈ ಎತ್ತುತ್ತಾರೆ. ಅಷ್ಟೂ ಮಕ್ಕಳು ಬಾಯಿ ಮುಚ್ಚುತ್ತಾರೆ. ಬಾಗಿಲು ತೆರೆದು, ಕಿಟಕಿ ಸರಿಸಿ, ಕಿವಿಗೊಟ್ಟು ಕೇಳುತ್ತಾರೆ. ಗೇಟು ಎದ್ದಿರಲಿ, ದೀಪ ಆರಿರಲಿ, ಶಾಲಾ ಬಸ್ಸು ಹೀಗೆ ನಿಂತು ಕೇಳದೆ ಹಳಿ ದಾಟುವಂತಿಲ್ಲ.

"ರೈಲಿಲ್ಲ ಮಿಸ್ ರೇನಿ, ಹೋಗೋಣ!" ಎಂದು ಹಿಂದಿನಿಂದ ಒಂದನೇ ತರಗತಿಯ ಮ್ಯಾಡಿ ಕೂಗುತ್ತಾಳೆ.

"ನಿನ್ನ ಕಿವಿ ಆಮೇಲೆ ಪುಟ್ಟಾ. ಮೊದ್ಲು ನನ್ನ ಕಿವಿ."

ಇಪ್ಪತ್ತಾರು ವರ್ಷದಲ್ಲಿ ಒಂದೂ ಅಪಘಾತವಿಲ್ಲ. ಒಂದು ಜಿಂಕೆ ಇದೆಯಲ್ಲ ಎಂದು ಕೆಣಕಿದರೆ ರೇನಿ ಬಿಡುವುದಿಲ್ಲ. "ಅದು ಬಂದು ನನಗೆ ಗುದ್ದಿದ್ದು. ಬರ್ಕೊಳ್ಳಿ."

ಬಸ್ಸು ಹೋಗಿ ನಿಲ್ಲುವುದು ಹೆಮ್ಲಾಕ್ ರನ್ ಪ್ರಾಥಮಿಕ ಶಾಲೆಯ ಮುಂದೆ. ರೇನಿ ಅಕ್ಷರ ಕಲಿತದ್ದು ಇಲ್ಲೇ. ಅವರ ತಾಯಿ ಇಲ್ಲಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದರು. ತಮ್ಮ ಕಿರಿಯ ಮಗಳನ್ನು ಇದೇ ಶಾಲೆಗೆ ಸೇರಿಸಿದ ವರ್ಷ ರೇನಿ ಸ್ಟೀರಿಂಗ್ ಹಿಡಿದರು. ಒಂದು ಚಳಿಗಾಲ ಗುಡ್ಡದ ಮೇಲೆ ಹಿಮಗಾಳಿಗೆ ಸಿಕ್ಕಿ, ಇಪ್ಪತ್ತೆರಡು ಮಕ್ಕಳೊಂದಿಗೆ ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆದಿದ್ದಾರೆ. ಆ ಕಥೆ ಹೇಳಿ ಎಂದರೆ "ಏನಿದೆ ಹೇಳೋಕೆ? ಹಾಡು ಹೇಳಿಸ್ದೆ. ಹಾಡು ಮುಗೀತು, ಮಗ್ಗಿ ಹೇಳಿಸ್ದೆ" ಎಂದು ಮಾತು ಮುಗಿಸುತ್ತಾರೆ.

ಈ ಶಾಲೆಯನ್ನು ಮುಚ್ಚಬೇಕೆಂದು ಸೆಪ್ಟೆಂಬರಿನಲ್ಲಿ ಶಾಲಾ ಮಂಡಳಿಯ ಕೈಗೆ ಒಂದು ವರದಿ ಬಂತು. ಬರೆದದ್ದು ಎಲ್ಲೋ ದೂರದ ಸಲಹಾ ಸಂಸ್ಥೆ. ಮೂರನೇ ತರಗತಿಯ ಓದಿನ ಪರೀಕ್ಷೆಯಲ್ಲಿ ಪಾಸಾದವರ ಪ್ರಮಾಣ ಒಂದೇ ವರ್ಷದಲ್ಲಿ ಶೇಕಡಾ ಹನ್ನೆರಡು ಕುಸಿದಿದೆ, ಶಾಲೆ ಸೋತಿದೆ, ಅರವತ್ತೆಂಟು ಮಕ್ಕಳನ್ನೂ ಕಣಿವೆಯ ದೊಡ್ಡ ಶಾಲೆಗೆ ಕಳಿಸಿ ಎಂದು ಅದರ ತೀರ್ಪು. ಆ ತರಗತಿಯಲ್ಲಿ ಪರೀಕ್ಷೆ ಬರೆದವರು ಹದಿನೇಳೇ ಮಕ್ಕಳು. ಇಬ್ಬರು ಎಡವಿದರೆ ಶೇಕಡಾ ಹನ್ನೆರಡು ಬೀಳುತ್ತದೆ. ಇಬ್ಬರು ಮಕ್ಕಳ ಹೆಗಲ ಮೇಲೆ ಒಂದು ಶಾಲೆಯ ಸೋಲು ಹೊರಿಸಿದ ಆ ವರದಿ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಹೊಸ ಶಾಲೆಗೆ ಬಸ್ ಪ್ರಯಾಣ ಮೂವತ್ತನಾಲ್ಕು ನಿಮಿಷ ಎಂದೂ ಅದರಲ್ಲಿತ್ತು. ಪುಣ್ಯಾತ್ಮರು ಕಾರಿನ ಲೆಕ್ಕ ಹಾಕಿದ್ದರು. ನಿಲುಗಡೆಗಳೂ ಇಲ್ಲ, ಹಳಿಗಳೂ ಇಲ್ಲ. ರೇನಿ ಒಂದು ಶನಿವಾರ ತಮ್ಮ ಸ್ವಂತ ಗಾಡಿಯಲ್ಲಿ ಎಲ್ಲ ಕಡೆ ನಿಂತು, ಕಾದು, ಕಿವಿಗೊಟ್ಟು ಹೋಗಿ ನೋಡಿದರು. ಎಪ್ಪತ್ತೆಂಟು ನಿಮಿಷ ಹಿಡಿಯಿತು.

ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದು, ಮೂರು ನಿಮಿಷ. ವರದಿ ಚರ್ಚೆಗೆ ಬಂದ ರಾತ್ರಿ, ಸಭೆ ಸೇರಿದ್ದ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂಗಾಟ, ಅಳು, ಬೈಗುಳ ಎಲ್ಲ ಆದ ಮೇಲೆ ಡ್ಯೂಟಿಯ ಜಾಕೆಟ್ಟಿನಲ್ಲೇ ರೇನಿ ಮೈಕಿನ ಮುಂದೆ ನಿಂತರು.

"ಹದಿನಾಲ್ಕನೇ ಬಸ್ಸು, ಲೊರೇನ್ ಸಾಬೋಲ್. ನಿಮ್ಮ ಮೂವತ್ನಾಲ್ಕು ನಿಮಿಷದ ದಾರೀಲಿ ಮೂರು ಕಡೆ ರೈಲು ಹಳಿ ಇದೆ. ಕಲ್ಲು ಕ್ವಾರಿಯ ಗೂಡ್ಸ್ ರೈಲು ಬಂತು ಅಂದ್ಕೊಳ್ಳಿ. ಈಗ ಕಾಯೋಣ."

ಅಷ್ಟು ಹೇಳಿ ಕೈಕಟ್ಟಿ ನಿಂತುಬಿಟ್ಟರು. ಅರ್ಧ ನಿಮಿಷ ಕಳೆಯಿತು. ಮಂಡಳಿಯ ಅಧ್ಯಕ್ಷ ಕ್ರೇಗ್ ಸ್ಟ್ರೋಮ್ ಕೆಮ್ಮಿದರು. "ಮಿಸೆಸ್ ಸಾಬೋಲ್, ನಿಮ್ಮ ಸಮಯ ಹೋಗ್ತಾ ಇದೆ."

"ರೈಲು ಹೋಗ್ತಾ ಇದೆ ಕ್ರೇಗ್. ಅದರ ಬಾಲ ಇನ್ನೂ ಕಾಣ್ತಿಲ್ಲ."

ಜನ ನಕ್ಕರು. ಆಮೇಲೆ ನಗು ನಿಂತಿತು. ಮೂರು ನಿಮಿಷ ಎಷ್ಟು ಉದ್ದ ಎಂಬುದು ನನಗೆ ಅವತ್ತೇ ತಿಳಿದದ್ದು. ಮಂಡಳಿಯವರು ಪೆನ್ನು ತಿರುಗಿಸಿದರು, ನೀರು ಕುಡಿದರು, ಗಡಿಯಾರ ನೋಡಿದರು. ಸಮಯ ಮುಗಿದ ಗಂಟೆ ಬಾರಿಸಿದ ಮೇಲೆ ರೇನಿ ಬಾಯಿ ತೆರೆದರು. "ಇದು ಒಂದೇ ಒಂದು ರೈಲು. ದೊಡ್ಡವರಿಗೇ ಕೂರೋಕಾಗ್ಲಿಲ್ಲ. ಆರು ವರ್ಷದ ಮಕ್ಕಳನ್ನ ದಿನಾ ಕೂರಿಸ್ತೀವಿ ಅಂತಿದ್ದೀರಿ."

ಮರುದಿನ ಸಾರಿಗೆ ವಿಭಾಗದ ಮೇಲಧಿಕಾರಿ ಕರೆದು, ಕೆಲಸ ಬೇಕಿದ್ದರೆ ಬಾಯಿ ಮುಚ್ಚಿಕೊಂಡಿರಿ ಎಂದರಂತೆ. "ಮೂರು ನಿಮಿಷ ಮುಚ್ಕೊಂಡೇ ನಿಂತಿದ್ನಲ್ಲ ಸ್ವಾಮಿ, ಇನ್ನೆಷ್ಟು ಮುಚ್ಲಿ ಅಂತ ಕೇಳ್ದೆ" ಎಂದು ರೇನಿ ಕಣ್ಣು ಮಿಟುಕಿಸುತ್ತಾರೆ.

ನವೆಂಬರಿನಲ್ಲಿ ಮಂಡಳಿಯ ಚುನಾವಣೆ. ವರದಿ ಬರುವಷ್ಟರಲ್ಲಿ ನಾಮಪತ್ರದ ಗಡುವು ಮುಗಿದುಹೋಗಿತ್ತು. ನಮ್ಮ ಭಾಗದ ಸ್ಥಾನಕ್ಕೆ ಮತಪತ್ರದಲ್ಲಿದ್ದದ್ದು ಒಂದೇ ಹೆಸರು, ಅದೂ ಶಾಲೆ ಮುಚ್ಚಬೇಕು ಎನ್ನುವವರದು. ಆದರೆ ಅದರ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ. ಬೇಕಾದವರ ಹೆಸರನ್ನು ಅಲ್ಲಿ ಕೈಯಲ್ಲಿ ಬರೆಯಬಹುದು. ಮತಗಟ್ಟೆಯಾದ ಅಗ್ನಿಶಾಮಕ ದಳದ ಸಭಾಂಗಣದ ಹೊರಗೆ ತಾಯಂದಿರು ಬಿಸಿ ಪಿಯರೋಗಿ ಕಡುಬು ಮಾರುತ್ತಾ, ಸಿಕ್ಕಸಿಕ್ಕವರ ಕಿವಿಯಲ್ಲಿ ರೇನಿಯ ಹೆಸರು ಊದಿದರು. ನಾನೂ ಬರೆದೆ, ಮುಚ್ಚುಮರೆ ಯಾಕೆ? ಅಚ್ಚಾದ ಹೆಸರಿಗೆ ಐನೂರ ನಲವತ್ತು ಮತ. ಕೈಬರಹದ ರೇನಿಗೆ ಆರುನೂರ ಹನ್ನೆರಡು.

ಈ ಸುದ್ದಿ ಕೇಳಿ ರೇನಿ ಕುಣಿಯಲಿಲ್ಲ, ಕೆಂಡವಾದರು. "ನನ್ನನ್ನ ಒಂದು ಮಾತು ಕೇಳ್ಬೇಡ್ವಾ? ಗೆಲ್ಸೋಕೆ ಬಂದ್ಬಿಟ್ರು!" ಸಿಟ್ಟಿಗೆ ಕಾರಣವಿತ್ತು. ಜಿಲ್ಲೆಯ ಶಾಲೆಗಳಲ್ಲಿ ಸಂಬಳ ಪಡೆಯುವವರು ಮಂಡಳಿಯಲ್ಲಿ ಕೂರುವಂತಿಲ್ಲ. ಕೂರಬೇಕಾದರೆ ಬಸ್ಸು ಬಿಡಬೇಕು. ಮಂಡಳಿಯ ಕೆಲಸಕ್ಕೆ ಸಂಬಳವೂ ಇಲ್ಲ. ಕ್ವಾರಿಯ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಗಂಡ ವರ್ನ್‌ಗೆ ಆಸ್ಪತ್ರೆಯ ವಿಮೆ ಇರುವುದು ರೇನಿಯ ಈ ನೌಕರಿಯಿಂದ. ಒಲ್ಲೆ ಎಂದರೆ ಆ ಕುರ್ಚಿಗೆ ಊರಿನ ಮತವಿಲ್ಲದೆ ಬೇರೆ ಯಾರನ್ನೋ ತಂದು ಕೂರಿಸುತ್ತಾರೆ. ಒಂಬತ್ತು ಜನರಲ್ಲಿ ಉಳಿದ ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದುಕೊಂಡಿದ್ದಾರೆ. ಜನವರಿಯಲ್ಲಿ ಶಾಲೆಯ ಹಣೆಬರಹ ಬರೆಯುವುದು ಈ ಒಂಬತ್ತನೇ ಕೈ.

ಮೂರು ದಿನ ರೇನಿ ಮನೆಯಲ್ಲಿ ವಿಮೆಯ ಕಾಗದ ಹರಡಿ ಲೆಕ್ಕ ಹಾಕಿದರಂತೆ. ನಾಲ್ಕನೇ ದಿನ ಹಲುಷ್ಕಿಗೆಂದು ಎಲೆಕೋಸು, ನೂಡಲ್ಸ್ ಬಾಡಿಸುತ್ತಿದ್ದ ವರ್ನ್ ಬಾಣಲೆಯಿಂದ ತಲೆಯೆತ್ತದೆ ಹೇಳಿದರಂತೆ: "ವಿಮೆ ಹೇಗೋ ನೋಡ್ಕೊಳ್ಳೋಣ. ಬಸ್ಸು ಬಿಟ್ರೆ ನೀನು ಅಳ್ತೀಯ. ಶಾಲೆ ಹೋದ್ರೆ ನನ್ನ ಜೀವ ತಿಂತೀಯ. ಅಳೋದೇ ವಾಸಿ ಕಣೇ."

ಕ್ರೇಗ್ ಸ್ಟ್ರೋಮ್ ಕೆಟ್ಟ ಮನುಷ್ಯರೇನಲ್ಲ. ಫೋನಿನಲ್ಲಿ ನನ್ನೊಡನೆ ತಾಳ್ಮೆಯಿಂದಲೇ ಮಾತನಾಡುತ್ತಾರೆ. "ಕಣಿವೆ ಶಾಲೇಲಿ ಓದು ಕಲಿಸೋಕೇ ಅಂತ ಇಬ್ಬರು ವಿಶೇಷ ಟೀಚರ್ ಇದ್ದಾರೆ. ಆ ಗುಡ್ಡದ ಮಕ್ಕಳಿಗೆ ಅದು ಬೇಡ್ವಾ? ರೇನಿಯ ಮೇಲೆ ನನಗೂ ಪ್ರೀತಿ ಇದೆ. ನಾನೂ ಅವರ ಬಸ್ಸಲ್ಲೇ ಬೆಳೆದವನು."

ಈ ಮಾತನ್ನು ತಲುಪಿಸಿದಾಗ ರೇನಿ ಬಿದ್ದುಬಿದ್ದು ನಗುತ್ತಾರೆ. "ಹ್ಞೂಂ, ಎರಡನೇ ಕ್ಲಾಸಲ್ಲಿ ವಾರಕ್ಕೆರಡು ಸಲ ವಾಂತಿ ಮಾಡ್ಕೊಳ್ತಿದ್ದ. ಒರೆಸಿದ್ದು ನಾನು. ಅದೂ ಹದಿನೈದು ನಿಮಿಷದ ದಾರಿಗೆ!" ಆಮೇಲೆ ನಗು ಆರುತ್ತದೆ. "ಟೀಚರ್ ಬೇಕು, ಯಾರು ಬೇಡ ಅಂದ್ರು? ಒಬ್ಬ ಟೀಚರನ್ನ ಗುಡ್ಡ ಹತ್ತಿಸಿ ಸಾಕು. ಅರವತ್ತೆಂಟು ಮಕ್ಕಳನ್ನ ಯಾಕೆ ಇಳಿಸ್ತೀರಿ?"

ಬೆಳಗಿನ ಸರದಿ ಮುಗಿಸಿ ರೇನಿ ಜಿಲ್ಲಾ ಶಾಲಾ ಕಚೇರಿಗೆ ಹೋಗುತ್ತಾರೆ. ನಾನೂ ಜೊತೆಗಿದ್ದೇನೆ. ಅಲ್ಲಿನ ಗುಮಾಸ್ತೆ ಜೋಲೀನ್ ರಾಜೀನಾಮೆಯ ಫಾರ್ಮನ್ನು ಮುಂದೆ ಸರಿಸುತ್ತಾರೆ. ಹೆಸರು, ಬಸ್ ನಂಬರ್, ಸೇವೆಯ ವರ್ಷಗಳನ್ನು ರೇನಿ ತುಂಬುತ್ತಾರೆ. 'ಬಿಡುವ ಕಾರಣ' ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ನಿವೃತ್ತಿ, ಅನಾರೋಗ್ಯ, ಬೇರೆ ನೌಕರಿ ಎಂದು ಅಚ್ಚಾಗಿರುವ ಯಾವುದಕ್ಕೂ ಗುರುತು ಹಾಕದೆ, ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಏನೋ ಬರೆದು ಕೊಡುತ್ತಾರೆ.

ಜೋಲೀನ್ ಗಟ್ಟಿಯಾಗಿ ಓದುತ್ತಾರೆ. "'ಕೆಲಸ ಇನ್ನೂ ಮುಗಿದಿಲ್ಲ.' ಇದೇನು ರೇನಿ? ಕೆಲಸ ಬಿಡೋಕೆ ಇದೊಂದು ಕಾರಣಾನಾ?"

"ಹಾಗೇ ಕಳ್ಸು" ಎನ್ನುತ್ತಾ ರೇನಿ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುತ್ತಾರೆ. "ಕ್ರೇಗ್‌ಗೆ ಅರ್ಥ ಆಗುತ್ತೆ."